ಪೀಠಕ್ಕಿಂತ ಮೊದಲು ಸಭೆ

ಜೋತಿಬಾ ಫುಲೆಯವರು ಪುಣೆ ಪುರಸಭೆಯ ಸದಸ್ಯರಾಗಿದ್ದ ಕಾಲ. ವೈಸರಾಯ್ ಲಿಟನ್ ಊರಿಗೆ ಬರುವವರಿದ್ದರು. ಸ್ವಾಗತಕ್ಕೆಂದು 1000 ರೂಪಾಯಿ ಖರ್ಚು ಮಾಡುವ ಸೂಚನೆ ಸಭೆಯ ಮುಂದೆ ಬಂತು. 32 ಸದಸ್ಯರಲ್ಲಿ ಒಬ್ಬರೇ ಒಬ್ಬರು ಬೇಡವೆಂದರು. ಆ ಹಣ ಬಡವರ ಶಿಕ್ಷಣಕ್ಕೆ ಹೋಗಲಿ ಎಂದ ಆ ಒಬ್ಬರು ಫುಲೆ. ಊರ ನಡುವೆ ಭಾರಿ ಮಾರುಕಟ್ಟೆ ಕಟ್ಟಡವೊಂದನ್ನು ಕಟ್ಟುವ ಮಾತು ಬಂದಾಗಲೂ ಅವರು ಅದರ ಖರ್ಚನ್ನು ವಿರೋಧಿಸಿದರು. ಎರಡು ಸಲವೂ ಅವರ ಮಾತು ಸೋತಿತು. 1886ರಲ್ಲಿ ಆ ಕಟ್ಟಡ ಗವರ್ನರ್ ಲಾರ್ಡ್ ರೇ ಅವರ ಹೆಸರು ಹೊತ್ತು ನಿಂತಿತು. ಮುಂದೆ ಆಚಾರ್ಯ ಅತ್ರೆಯವರು ಪುರಸಭೆಗೆ ಆರಿಸಿ ಬಂದಾಗ ಪಟ್ಟುಹಿಡಿದು ಆ ಹೆಸರನ್ನು ತೆಗೆಸಿದರು. ಈಗ ಅದು ಮಹಾತ್ಮಾ ಫುಲೆ ಮಂಡಈ.

ಖರ್ಚು ಬೇಡವೆಂದವರ ಹೆಸರೇ ಆ ಖರ್ಚಿನ ಕಟ್ಟಡಕ್ಕೆ ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ. ತರಕಾರಿ ಮಾರುವ, ಕೊಳ್ಳುವ ಜನರ ನಡುವೆ ಫುಲೆಯವರ ಹೆಸರಿರುವುದು ಒಳ್ಳೆಯದೇ. ಆದರೆ ಹೆಸರನ್ನು ಉಳಿಸಿಕೊಂಡ ಊರು ಅವರ ಪ್ರಶ್ನೆಯನ್ನು ಕೈಬಿಟ್ಟಿತು. ಊರಿನ ಹಣ ಯಾರದು, ಊರಿನ ನೆಲ ಯಾರದು, ಅವೆರಡನ್ನೂ ಒಬ್ಬ ವ್ಯಕ್ತಿಯ ಗೌರವಕ್ಕೆ ಎತ್ತಿಡುವ ಮೊದಲು ಯಾರನ್ನು ಕೇಳಬೇಕು? ಭಾಷಣ ಒಂದು ಗಂಟೆಗೆ ಮುಗಿಯುತ್ತದೆ, ಮೆರವಣಿಗೆ ಸಂಜೆಗೆ ಚದುರುತ್ತದೆ. ಕಂಚಿನ ಪ್ರತಿಮೆ ನೂರು ವರ್ಷ ನಿಲ್ಲುತ್ತದೆ. ಇನ್ನೂ ಹುಟ್ಟದ ಮಕ್ಕಳೂ ಅದನ್ನು ಸುತ್ತಿಕೊಂಡೇ ನಡೆಯಬೇಕಾಗುತ್ತದೆ. ಹೀಗಾಗಿ ಪ್ರತಿಮೆ ಯಾರದು ಎಂಬುದಕ್ಕಿಂತ ಆ ತೀರ್ಮಾನ ಹೇಗೆ ಆಯಿತು ಎಂಬುದೇ ದೊಡ್ಡ ನೈತಿಕ ಪ್ರಶ್ನೆ ಎಂದು ನಾನು ನಂಬುತ್ತೇನೆ. ಪುಣೆಯ ನೂರು ವರ್ಷಗಳ ಪ್ರತಿಮೆಗಳ ಚರಿತ್ರೆ ಈ ನಂಬಿಕೆಗೆ ಸಾಕಷ್ಟು ಆಧಾರ ಕೊಡುತ್ತದೆ.

ವಿಚಾರವಾದಿಗಳೆನಿಸಿಕೊಂಡ ನಮ್ಮಲ್ಲಿ ಒಂದು ಸಿದ್ಧ ಉತ್ತರವಿದೆ: ಪ್ರತಿಮೆ ಯಾಕೆ, ಆ ಹಣದಲ್ಲಿ ಆಸ್ಪತ್ರೆ ಕಟ್ಟಿ. ಫುಲೆಯವರ ಒಂಟಿ ಮತವೂ ಇದನ್ನೇ ಹೇಳುತ್ತದೆ ಎನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಫುಲೆ ವಿರೋಧಿಸಿದ್ದು ಅಧಿಕಾರದಲ್ಲಿದ್ದವರಿಗೆ ಊರು ತಲೆಬಾಗಿ ಮಾಡುವ ಖರ್ಚನ್ನು. ತಲೆ ಎತ್ತಿ ನಿಲ್ಲಲು ಜನ ಮಾಡುವ ಖರ್ಚಿನ ಬಗೆ ಬೇರೆ. ಮಹಾರಾಷ್ಟ್ರದ, ಉತ್ತರ ಕರ್ನಾಟಕದ ದಲಿತ ಕೇರಿಗಳಲ್ಲಿ ಕೋಟು ತೊಟ್ಟು, ಪುಸ್ತಕ ಹಿಡಿದು ನಿಂತ ಅಂಬೇಡ್ಕರರನ್ನು ನೋಡಿ. ಎಷ್ಟೋ ಕಡೆ ಅವು ಸಿಮೆಂಟಿನವು, ಅಳತೆ ಸರಿಯಿಲ್ಲದವು, ನೀಲಿ ಬಣ್ಣ ಬಳಿದವು. ಕೂಲಿಯ ಹಣದಲ್ಲಿ ಇಷ್ಟಿಷ್ಟು ಕೂಡಿಸಿ ನಿಲ್ಲಿಸಿದವು. ಊರ ದೇವಸ್ಥಾನದ ಮೆಟ್ಟಿಲು ಹತ್ತಲು ಬಿಡದಿದ್ದ ಜನ ತಮ್ಮ ಮನುಷ್ಯನೊಬ್ಬನನ್ನು ಬಯಲಿನಲ್ಲಿ, ಎಲ್ಲರ ಕಣ್ಣೆದುರು ನಿಲ್ಲಿಸಿದಾಗ ಅವರಿಗೆ ಸಿಕ್ಕ ಬಲವನ್ನು ಆಸ್ಪತ್ರೆಯ ಲೆಕ್ಕದಲ್ಲಿ ಅಳೆಯಲಾಗದು. 1997ರ ಜುಲೈ 11ರಂದು ಮುಂಬಯಿಯ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಅವಮಾನವಾದಾಗ ಬೀದಿಗಿಳಿದವರ ಮೇಲೆ ಗುಂಡು ಹಾರಿ 10 ಜನ ಸತ್ತರು. ಬರೀ ಕಲ್ಲಿಗಾಗಿ ಯಾರೂ ಬೀದಿಗಿಳಿಯುವುದಿಲ್ಲ. ಆ ಕಲ್ಲಿನೊಂದಿಗೆ ಅವರ ಮಾನ ಕೂಡಿಕೊಂಡಿತ್ತು. ಇದನ್ನು ಮರೆತು ಮಾತಾಡುವ ವಿಚಾರವಾದ ಮೇಲ್ಜಾತಿಯ ಸೋಫಾದ ಮೇಲಿನ ವಿಚಾರವಾದ.

ಮಂಡಈಗೇ ಮರಳೋಣ. 1924ರಲ್ಲಿ ಅಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆ ಎದ್ದಿತು. ಅನಾವರಣ ಮಾಡಿದವರು ಮೋತಿಲಾಲ್ ನೆಹರೂ. ತಿಲಕರು ತೀರಿಕೊಂಡು ನಾಲ್ಕೇ ವರ್ಷವಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ರಾಜದ್ರೋಹಕ್ಕೆ ಮಂಡಾಲೆಗೆ ಹೋಗಿ ಬಂದವರ ಪ್ರತಿಮೆಯನ್ನು ಪೇಟೆಯ ನಡುವೆ ನಿಲ್ಲಿಸುವುದಕ್ಕೆ ಧೈರ್ಯ ಬೇಕಿತ್ತು. ಆ ಧೈರ್ಯಕ್ಕೆ ನಾವು ಋಣಿಗಳು. ಮರುವರ್ಷ, 1925ರಲ್ಲಿ, ಬ್ರಾಹ್ಮಣೇತರ ಚಳವಳಿಯ ತರುಣ ನಾಯಕ ಕೇಶವರಾವ್ ಜೇಧೆ ಅದೇ ಪುರಸಭೆಗೆ ಬಂದು, ಫುಲೆಯವರ ಪ್ರತಿಮೆಯನ್ನೂ ನಿಲ್ಲಿಸೋಣ ಎಂದು ಠರಾವು ತಂದರು. ಹೆಣ್ಣುಮಕ್ಕಳಿಗೆ, ಅಸ್ಪೃಶ್ಯರಿಗೆ ಇದೇ ಊರಿನಲ್ಲಿ ಶಾಲೆ ತೆರೆದವರು, ಸ್ವತಃ ಪುರಸಭೆಯ ಸದಸ್ಯರಾಗಿದ್ದವರು ಫುಲೆ. ಇದಕ್ಕಿಂತ ಸಹಜವಾದ ಬೇಡಿಕೆ ಇನ್ನೇನಿದ್ದೀತು? ಆದರೆ ಬ್ರಾಹ್ಮಣ ಸದಸ್ಯರು ಅದನ್ನು ಗಟ್ಟಿಯಾಗಿ ವಿರೋಧಿಸಿದರು. ಠರಾವು ಬಿದ್ದಿತು.

ಬಿದ್ದ ಠರಾವು ಸಿಟ್ಟಾಗಿ ಎದ್ದಿತು. ಅದೇ ವರ್ಷ ಅದೇ ಚಳವಳಿಯ ದಿನಕರರಾವ್ ಜವಳಕರ್ 'ದೇಶಾಚೇ ದುಷ್ಮನ್' ಎಂಬ ಪುಸ್ತಿಕೆ ಬರೆದರು. ತಿಲಕರನ್ನೂ ವಿಷ್ಣುಶಾಸ್ತ್ರಿ ಚಿಪಳೂಣಕರರನ್ನೂ ಅದರಲ್ಲಿ ಕಟುವಾಗಿ ನಿಂದಿಸಿದ್ದರು. ಮಾನಹಾನಿಯ ಮೊಕದ್ದಮೆ ಬಿತ್ತು, ಶಿಕ್ಷೆಯಾಯಿತು. 1926ರ ಮೇಲ್ಮನವಿಯಲ್ಲಿ ಅವರ ಪರ ವಾದಿಸಿ ಬಿಡಿಸಿದವರು ಬ್ಯಾರಿಸ್ಟರ್ ಅಂಬೇಡ್ಕರ್. ಪುಸ್ತಿಕೆಯ ಭಾಷೆ ನನಗೆ ಒಪ್ಪಿಗೆಯಿಲ್ಲ. ಸತ್ತವರನ್ನು ಬೈದು ಬದುಕಿದವರ ನ್ಯಾಯ ಸಿಗುವುದಿಲ್ಲ. ಆದರೆ ಆ ಕಹಿ ಹುಟ್ಟಿದ್ದು ಎಲ್ಲಿ ಎಂಬುದನ್ನು ನೋಡಬೇಕು. ಒಬ್ಬರಿಗೆ ತೆರೆದ ಬಾಗಿಲನ್ನು ಒಂದೇ ವರ್ಷದಲ್ಲಿ ಇನ್ನೊಬ್ಬರಿಗೆ ಮುಚ್ಚಿದ ಸಭೆಯಲ್ಲಿ ಅದು ಹುಟ್ಟಿತು. ತಿಲಕರ ಪ್ರತಿಮೆ ನಿಲ್ಲಿಸಿದ್ದು ತಪ್ಪಲ್ಲ, ಫುಲೆಯವರದನ್ನು ಕೇಳಿದ್ದೂ ತಪ್ಪಲ್ಲ. ಒಬ್ಬರಿಗೊಂದು, ಇನ್ನೊಬ್ಬರಿಗೆ ಇನ್ನೊಂದು ಅಳತೆ ಹಿಡಿದದ್ದು ತಪ್ಪು. ಅಳತೆಗೋಲು ಮೊದಲೇ ಎಲ್ಲರ ಮುಂದಿದ್ದರೆ ಪುಣೆಯ ಆ ದಶಕ ಬೇರೆಯಾಗಿರುತ್ತಿತ್ತು. ಜೋತಿಬಾ ಅವರ ಪತ್ನಿ ಸಾವಿತ್ರಿಬಾಯಿ ಫುಲೆಯವರ ಹೆಸರಿನ ವಿಶ್ವವಿದ್ಯಾಲಯದ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆ ಅನಾವರಣಗೊಂಡದ್ದು 2022ರ ಫೆಬ್ರವರಿ 14ರಂದು. 1925ರಿಂದ ಎಣಿಸಿದರೆ ಸುಮಾರು ನೂರು ವರ್ಷ.

ಹಣದ ಕಥೆಯೂ ಆಗಲೇ ಶುರುವಾಗಿತ್ತು. ಶಿವಾಜಿನಗರದ ಸೈನಿಕ ಶಾಲೆಯ ಆವರಣದಲ್ಲಿರುವ ಅಶ್ವಾರೂಢ ಶಿವಾಜಿಯ ಪ್ರತಿಮೆ ನನ್ನ ಕಣ್ಣಿಗೆ ಪುಣೆಯ ಅತ್ಯುತ್ತಮ ಶಿಲ್ಪ. ಅಲಿಬಾಗ್ ಹತ್ತಿರದ ಸಾಸವಣೆ ಎಂಬ ಹಳ್ಳಿಯ ನಾನಾಸಾಹೇಬ್ ಕರಮರ್ಕರ್ ಅದನ್ನು ಮಾಡಿದರು, 1928ರಲ್ಲಿ ಅನಾವರಣಗೊಂಡಿತು. ಕುದುರೆಯ ಕತ್ತಿನ ನರ, ಸವಾರನ ಬೆನ್ನಿನ ನೇರ, ಎರಡರಲ್ಲೂ ಆಡಂಬರವಿಲ್ಲ. ಆದರೆ ಇದರ ಶಂಕುಸ್ಥಾಪನೆಗೆ ಕೊಲ್ಲಾಪುರದ ಶಾಹು ಮಹಾರಾಜರು ಕರೆತಂದದ್ದು ಪ್ರಿನ್ಸ್ ಆಫ್ ವೇಲ್ಸ್ ಅವರನ್ನು, 1921ರ ನವೆಂಬರ್ 19ರಂದು. ಎರಡೇ ದಿನ ಮೊದಲು ಅದೇ ರಾಜಕುಮಾರ ಮುಂಬಯಿಯಲ್ಲಿ ಕಾಲಿಟ್ಟಾಗ ಕಾಂಗ್ರೆಸ್ ಬಹಿಷ್ಕಾರ ಹೂಡಿತ್ತು, ನಗರ ಗಲಭೆಯಲ್ಲಿ ಉರಿದಿತ್ತು. ಸಂಸ್ಥಾನಿಕರ ದುಡ್ಡು, ಸಾಮ್ರಾಜ್ಯದ ಯುವರಾಜ, ಶೂದ್ರ ಸಮುದಾಯಗಳ ಸ್ವಾಭಿಮಾನ, ಸ್ವರಾಜ್ಯ ಕಟ್ಟಿದ ವೀರ, ಎಲ್ಲವೂ ಒಂದೇ ಪೀಠದ ಸುತ್ತ. ಹಣ ಕೊಟ್ಟವರ ಉದ್ದೇಶ ಒಂದೇ ಎಳೆಯದ್ದಾಗಿರುವುದಿಲ್ಲ. ಯಾರ ಹಣ, ಯಾವ ಉದ್ದೇಶ ಎಂಬುದು ಪೀಠದ ಮೇಲೆ ಬರೆದಿದ್ದರೆ ಮುಂದಿನವರು ತಾವೇ ತೂಗಿ ನೋಡಬಹುದು.

ಮುಚ್ಚಿದ ಕೋಣೆಯಲ್ಲಿ ನಿಂತ ಪ್ರತಿಮೆಗಳು ರಾತ್ರಿಯಲ್ಲಿ ಬೀಳುತ್ತವೆ. 2010ರ ಡಿಸೆಂಬರ್ ಕೊನೆಯ ವಾರದ ಒಂದು ನಡುರಾತ್ರಿ ಪುಣೆಯ ಲಾಲ್ ಮಹಲಿನಿಂದ ದಾದೋಜಿ ಕೊಂಡದೇವರ ಪ್ರತಿಮೆಯನ್ನು ಪಾಲಿಕೆಯೇ ಕಿತ್ತು ಸಾಗಿಸಿತು. ದಾದೋಜಿ ಶಿವಾಜಿಯ ಗುರುವೋ ಅಲ್ಲವೋ ಎಂಬುದು ಇತಿಹಾಸದ ಪ್ರಶ್ನೆ. ಅದಕ್ಕೆ ದಾಖಲೆ ಓದುವವರು ಬೇಕು. ಅದು ಸಾಮಾನ್ಯ ಸಭೆಯ ಬಹುಮತದಲ್ಲಿ ತೀರ್ಮಾನವಾಯಿತು, ಕ್ರೇನಿನಿಂದ ಜಾರಿಯಾಯಿತು. 2017ರ ಜನವರಿ 3ರ ನಸುಕಿನಲ್ಲಿ ಸಂಭಾಜಿ ಉದ್ಯಾನದಿಂದ ನಾಟಕಕಾರ ರಾಮ ಗಣೇಶ ಗಡಕರಿಯವರ ಪುತ್ಥಳಿಯನ್ನು ಕಿತ್ತು ಮುಠಾ ನದಿಗೆ ಎಸೆದರು. ಅವರ ನಾಟಕವೊಂದರಲ್ಲಿ ಸಂಭಾಜಿಯ ಅವಹೇಳನವಾಗಿದೆ ಎಂಬುದು ಆರೋಪ. ಗಡಕರಿ ಸತ್ತದ್ದು 1919ರಲ್ಲಿ; ಉತ್ತರ ಕೊಡಲು ಅವರಿರಲಿಲ್ಲ. ನಾಟಕವನ್ನು ಓದಿ, ಉದ್ಯಾನದಲ್ಲೇ ಒಂದು ಸಂಜೆ ಕೂತು, ಪರ ವಿರೋಧ ಎರಡನ್ನೂ ಕೇಳಿ, ಪುತ್ಥಳಿಯ ಪಕ್ಕದಲ್ಲೇ ಆಕ್ಷೇಪದ ಫಲಕವೊಂದನ್ನು ಹಾಕಬಹುದಿತ್ತು. ಹೊಳೆಗೆ ಎಸೆದವರು ಮಾತಿನ ದಾರಿಯನ್ನೇ ಮುಚ್ಚಿದರು. ಆದರೆ ಆ ಮಾತಿಗೆ ಒಂದು ಜಾಗವನ್ನು ಅದಕ್ಕೂ ಮೊದಲು ನಾವು ಕಟ್ಟಿಟ್ಟಿರಲಿಲ್ಲ ಎಂಬುದೂ ನಿಜ.

ಪುಣೆಯಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಮರಾಠಿಗರ ಮನೆಜಗಳ ಎಂದು ದೂರ ನಿಂತು ನೋಡಲಾಗದು. ಬೆಳಗಾವಿಯ ಪೀರನವಾಡಿಯಲ್ಲಿ 2020ರ ಆಗಸ್ಟಿನಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ರಾತ್ರೋರಾತ್ರಿ ಎದ್ದಿತು, ಬೆಳಗ್ಗೆ ಲಾಠಿ ಬೀಸಿತು. ಕೊನೆಗೆ ಆದ ಒಪ್ಪಂದ ಏನು? ರಾಯಣ್ಣ ಅಲ್ಲೇ ಇರಲಿ, ವೃತ್ತಕ್ಕೆ ಶಿವಾಜಿಯ ಹೆಸರಿರಲಿ. ಹಗಲಲ್ಲಿ ಕೂತು ಮಾತಾಡಿದ್ದರೂ ಇಷ್ಟೇ ಆಗುತ್ತಿತ್ತು, ಯಾರ ತಲೆಯೂ ಒಡೆಯುತ್ತಿರಲಿಲ್ಲ. ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ 1991ರಿಂದ 18 ವರ್ಷ ಬಟ್ಟೆಯೊಳಗೇ ನಿಂತಿತ್ತು. 2009ರ ಆಗಸ್ಟ್ 9ರಂದು ಅದರ ಮುಸುಕು ತೆಗೆದರು. ನಾಲ್ಕು ದಿನ ಬಿಟ್ಟು ಚೆನ್ನೈಯ ಅಯನಾವರಂನಲ್ಲಿ ನಮ್ಮ ಸರ್ವಜ್ಞ ಅನಾವರಣಗೊಂಡ. ಇಬ್ಬರೂ ಜಾತಿ ಭಾಷೆಗಳ ಗಡಿಯನ್ನು ಲೆಕ್ಕಿಸದೆ ಮಾತಾಡಿದವರು. ಅವರನ್ನು ಅದಲುಬದಲು ಒಪ್ಪಂದದ ಸರಕಾಗಿಸಿದ್ದು ನಾವು. ಆದರೂ ಆ ಒಪ್ಪಂದ ಒಳ್ಳೆಯದೇ ಮಾಡಿತು ಎನ್ನುತ್ತೇನೆ. ಎರಡು ಸರ್ಕಾರಗಳು ಕೂತು ಮಾತಾಡಿದವು. ಅದಕ್ಕೆ 18 ವರ್ಷ ಬೇಕಾಗಿರಲಿಲ್ಲ.

ಇನ್ನು ಜಾಗದ ಮಾತು. ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ಒಂದು ಸ್ಪಷ್ಟ ಆದೇಶ ಕೊಟ್ಟಿದೆ: ಸಾರ್ವಜನಿಕ ರಸ್ತೆ, ಫುಟ್‌ಪಾತ್ ಮತ್ತು ಜನೋಪಯೋಗಿ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಇನ್ನು ಅನುಮತಿ ಕೊಡಬಾರದು. ಕೇರಳದ ನೆಯ್ಯಾಟ್ಟಿನ್‌ಕರದಲ್ಲಿ ರಾಜಕಾರಣಿಯೊಬ್ಬರ ಪ್ರತಿಮೆಯ ವಿಷಯ ಕೋರ್ಟಿನ ಮುಂದೆ ಬಂದಾಗ ಹೊರಟ ಆದೇಶವಿದು. ಕಾನೂನಿನ ಮಾತು ಬಿಡಿ. ಇದರ ಹಿಂದಿನ ನ್ಯಾಯ ಸರಳ. ಫುಟ್‌ಪಾತ್ ಮೇಲೆ ಮೊದಲ ಹಕ್ಕು ನಡೆಯುವವರದು. ಕೋಲೂರಿಕೊಂಡು ಮಂಡಈಗೆ ಹೋಗುವ ಮುದುಕಿಯನ್ನು ವಾಹನಗಳ ನಡುವೆ ಇಳಿಸಿ ಅವಳ ಜಾಗದಲ್ಲಿ ಮಹಾಪುರುಷರನ್ನು ನಿಲ್ಲಿಸಿದರೆ ಆ ಮಹಾಪುರುಷರಿಗೇ ಅವಮಾನ. ಪುಣೆಯ ಜಂಗ್ಲಿ ಮಹಾರಾಜ್ ರಸ್ತೆಯಲ್ಲಿ ಕೆಲವು ವರ್ಷಗಳ ಹಿಂದೆ ಫುಟ್‌ಪಾತನ್ನು ಅಗಲ ಮಾಡಿ, ಕೂರಲು ಕಟ್ಟೆ, ಮಕ್ಕಳು ಹತ್ತಿ ಇಳಿದು ಆಡಲು ಜಾಗ ಮಾಡಿದರು. ಅಲ್ಲಿ ಮೊದಲು ಜಾಗ ಹುಟ್ಟಿತು, ಆಮೇಲೆ ವಸ್ತುಗಳು ಬಂದವು. ಕ್ರಮ ಹೀಗಿರಬೇಕು. ರಸ್ತೆ ಕೂಡುವಲ್ಲಿ ಉಳಿದ ದ್ವೀಪದಂಥ ವೃತ್ತಗಳನ್ನು ಹುಡುಕಿ, ಖಾಲಿ ಇದೆಯಲ್ಲ ಎಂದು ಶಿಲ್ಪ ತಂದಿಡುವ ಪದ್ಧತಿ ನಮ್ಮ ಎಲ್ಲ ಊರುಗಳಲ್ಲೂ ಇದೆ. ಅಲ್ಲಿಗೆ ಯಾರೂ ನಡೆದು ಹೋಗಲಾರರು. ನಾಲ್ಕು ಕಡೆಯಿಂದ ಬೈಕುಗಳು ಸುತ್ತುವಾಗ ಶಿಲ್ಪದ ಮುಖವನ್ನು ಯಾರು ನೋಡಿಯಾರು?

ಪರಿಣತರ ಸಮಿತಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ನನಗಿಲ್ಲ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ರಿಚರ್ಡ್ ಸೆರಾ ಎಂಬ ಪ್ರಸಿದ್ಧ ಶಿಲ್ಪಿ 120 ಅಡಿ ಉದ್ದ, 12 ಅಡಿ ಎತ್ತರದ ಬಾಗಿದ ಉಕ್ಕಿನ ಗೋಡೆಯೊಂದನ್ನು ನಿಲ್ಲಿಸಿದರು. ಆರಿಸಿದವರು ಕಲೆಯನ್ನು ಬಲ್ಲವರೇ. ಆದರೆ ದಿನವೂ ಆ ಅಂಗಳ ದಾಟಿ ಕಚೇರಿಗೆ ಹೋಗುವ ನೌಕರರನ್ನು ಕೇಳಿರಲಿಲ್ಲ. ಅವರಿಗದು ಅಡ್ಡಗೋಡೆಯಾಯಿತು, ವಿಚಾರಣೆ, ಮೊಕದ್ದಮೆಗಳ ನಂತರ 1989ರಲ್ಲಿ ಕತ್ತರಿಸಿ ಒಯ್ದರು. ಕೃತಿ ದೊಡ್ಡದೇ ಇರಬಹುದು. ಆದರೆ ಆ ಅಂಗಳದಲ್ಲಿ ದಿನ ಕಳೆಯುವವರ ಮಾತು ಕೃತಿ ಬರುವ ಮೊದಲೇ ಕೇಳಿಸಬೇಕಿತ್ತು. ಅದಕ್ಕೆ ಹೋಲಿಸಿದರೆ ಲಂಡನ್ನಿನ ಥೇಮ್ಸ್ ದಂಡೆಯ ನಮ್ಮ ಬಸವಣ್ಣನ ದಾರಿ ನನಗೆ ಹೆಚ್ಚು ಒಪ್ಪಿಗೆ. 2015ರ ನವೆಂಬರ್ 14ರಂದು ಅನಾವರಣಗೊಳ್ಳುವ ಮೊದಲು ಅದು 1854ರ ಪ್ರತಿಮೆ ಕಾಯಿದೆಯ ಒಪ್ಪಿಗೆ, ಲ್ಯಾಂಬೆತ್ ಸ್ಥಳೀಯ ಪಾಲಿಕೆಯ ಅನುಮತಿ ಎಲ್ಲ ಪಡೆದು, ದೇಣಿಗೆ ಕೂಡಿಸಿ ನಿಂತದ್ದು. ವರ್ಷಗಳೇ ಹಿಡಿದವು. ಅನುಭವ ಮಂಟಪದಲ್ಲಿ ಎಲ್ಲರನ್ನೂ ಕೂರಿಸಿ ಮಾತಾಡಿಸಿದವರ ಪ್ರತಿಮೆಗೆ ಇಷ್ಟು ಕೇಳಿಸಿಕೊಳ್ಳುವಿಕೆ ತಕ್ಕದ್ದೇ.

ಪುಣೆಯಲ್ಲಿ ಒಬ್ಬ ಮೈಸೂರಿಗನ ಸೃಷ್ಟಿಯೂ ಕಂಚಿನಲ್ಲಿ ನಿಂತಿದೆ. ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರ ಸಾಮಾನ್ಯ ಮನುಷ್ಯ, ಸೇನಾಪತಿ ಬಾಪಟ್ ರಸ್ತೆಯ ಸಿಂಬಯಾಸಿಸ್ ಆವರಣದಲ್ಲಿ, 8 ಅಡಿ ಎತ್ತರ, ಸುರೇಶ್ ಸಕಪಾಳ್ ಮಾಡಿದ್ದು. 2001ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅನಾವರಣ ಮಾಡಿದರು. ಚೌಕಳಿ ಕೋಟು, ಧೋತ್ರ, ಬೋಳು ತಲೆ, ಕನ್ನಡಕ. ಕತ್ತಿಯಿಲ್ಲ, ಕುದುರೆಯಿಲ್ಲ, ಎತ್ತಿದ ಬೆರಳಿಲ್ಲ. ಯಾವ ಜಾತಿಯವರೂ ನಮ್ಮವನೆಂದು ಎಳೆದಾಡಿಲ್ಲ, ಯಾರಿಗೂ ನೋವಾಗಿಲ್ಲ. 2015ರ ಜನವರಿಯಲ್ಲಿ ಲಕ್ಷ್ಮಣ್ ಪುಣೆಯಲ್ಲೇ ತೀರಿಕೊಂಡಾಗ ಅವರ ದೇಹವನ್ನು ಜನರ ದರ್ಶನಕ್ಕೆ ಇಟ್ಟದ್ದೂ ಅದೇ ಆವರಣದಲ್ಲಿ. ನನಗೆ ಇಷ್ಟೇ ಕೊರಗು: ಅವನು ನಿಂತಿರುವುದು ಖಾಸಗಿ ಶಿಕ್ಷಣ ಸಂಸ್ಥೆಯೊಂದರ ಗೇಟಿನೊಳಗೆ. ಸರತಿಯಲ್ಲಿ ನಿಲ್ಲುವವನಿಗೆ ಪಾಲಿಕೆಯ ತೆರಿಗೆ ಕಟ್ಟುವ ಕಿಟಕಿಯ ಬಳಿಯೋ ಸ್ವಾರಗೇಟಿನ ಬಸ್ ನಿಲ್ದಾಣದಲ್ಲೋ ಜಾಗವಿರಬೇಕಿತ್ತು. ಸಾಮಾನ್ಯರನ್ನು ಚೌಕದಲ್ಲಿ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಬೆಳೆಯಲೇ ಇಲ್ಲ. ಶಿವಾಜಿಯನ್ನು ಮಾಡಿದ ಅದೇ ಕರಮರ್ಕರ್ ಸಾಸವಣೆಯ ತಮ್ಮ ಮನೆಯಲ್ಲಿ ಏನು ಮಾಡಿಟ್ಟಿದ್ದಾರೆ ನೋಡಿ: ಮೀನುಗಾರರ ಹುಡುಗಿ, ಎಮ್ಮೆ, ಮನೆಯ ನಾಯಿ, ಸುತ್ತಮುತ್ತಲಿನ ಮನುಷ್ಯರ ಮುಖಗಳು. ಯಾರೂ ಹಣ ಕೊಟ್ಟು ಮಾಡಿಸದ ಕೆಲಸದಲ್ಲಿ ಅವರ ಕೈ ಅಷ್ಟೇ ಪ್ರೀತಿಯಿಂದ ಆಡಿದೆ. ಊರು ಕೇಳಿದ್ದರೆ ಅವರು ಪುಣೆಯ ಯಾವುದೋ ಮೂಲೆಗೆ ಒಬ್ಬ ತರಕಾರಿ ಹೆಂಗಸನ್ನೂ ಮಾಡಿಕೊಡುತ್ತಿದ್ದರು.

ಹಣ ಎಲ್ಲಿಂದ ಬರಬೇಕು? ದೊಡ್ಡ ಪ್ರತಿಮೆಗಳ ಲೆಕ್ಕ ಗೊತ್ತಿರುವುದೇ. ಗುಜರಾತಿನ 182 ಮೀಟರಿನ ಸರ್ದಾರ್ ಪಟೇಲರ ಪ್ರತಿಮೆಗೆ ಐದು ಸರ್ಕಾರಿ ತೈಲ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಯ ನಿಧಿಯಿಂದ 146.83 ಕೋಟಿ ರೂಪಾಯಿ ಕೊಟ್ಟವು. ಇದು ಆ ನಿಧಿಯ ನಿಯಮಕ್ಕೆ ಒಳಪಡುವುದಿಲ್ಲ ಎಂದು ಮಹಾಲೇಖಪಾಲರು 2018ರಲ್ಲಿ ಆಕ್ಷೇಪಿಸಿದರು. ಆ ನಿಧಿ ಇರುವುದು ಹಸಿವು, ಶಾಲೆ, ಕುಡಿಯುವ ನೀರಿನಂಥ ಕೆಲಸಗಳಿಗೆ. ಮಾಲವಣದ ರಾಜಕೋಟ್ ಕೋಟೆಯಲ್ಲಿ 35 ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ರಂದು ಅನಾವರಣಗೊಂಡು 2024ರ ಆಗಸ್ಟ್ 26ರಂದು ಕುಸಿದು ಬಿದ್ದಿತು. ಒಂಬತ್ತು ತಿಂಗಳೂ ತುಂಬಿರಲಿಲ್ಲ. ಕರಮರ್ಕರರ ಶಿವಾಜಿ ಇದೇ ಮಹಾರಾಷ್ಟ್ರದ ಮಳೆಯಲ್ಲಿ ಸುಮಾರು ನೂರು ವರ್ಷದಿಂದ ನಿಂತಿದ್ದಾನೆ. ಸಮಾರಂಭದ ದಿನಾಂಕ ಮೊದಲು ಗೊತ್ತಾಗಿ ಎರಕ ಆಮೇಲೆ ಶುರುವಾದರೆ ಕಲೆಯೂ ಉಳಿಯುವುದಿಲ್ಲ, ಹಣವೂ ಉಳಿಯುವುದಿಲ್ಲ.

ಊರೊಳಗಿನ ಚಿಕ್ಕ ಕೆಲಸಗಳ ಹಣ ಬೇರೆ ದಾರಿಯಿಂದ ಬರುತ್ತದೆ. ಪುಣೆಯಲ್ಲಿ ಪಾಲಿಕೆ ಸದಸ್ಯರನ್ನು ನಗರಸೇವಕರು ಎನ್ನುತ್ತಾರೆ. ಅವರ ಸೂಚನೆಯಂತೆ ವಾರ್ಡಿನ ಕೆಲಸಕ್ಕೆ ಬಜೆಟ್ಟಿನಲ್ಲಿ ತೆಗೆದಿಡುವ ಹಣದಿಂದ ಬೆಂಚು, ಕಮಾನು, ಹೆಸರಿನ ಫಲಕ, ನಡುನಡುವೆ ಶಿಲ್ಪ ಬರುತ್ತವೆ. ಫಲಕದ ಮೇಲೆ ನಗರಸೇವಕರ ಹೆಸರು ದೊಡ್ಡಕ್ಷರದಲ್ಲಿ. ಶಿಲ್ಪಿಯ ಹೆಸರನ್ನು ಹುಡುಕಬೇಕು. ಬಿಲ್ಡರು ವೃತ್ತವನ್ನು ದತ್ತು ತೆಗೆದುಕೊಂಡರೆ ಅಲ್ಲಿ ಬಿಲ್ಡರ ಹೆಸರು. ಇದು ಅವರ ಮನೆಯ ಹಣವಲ್ಲ, ಇದು ಅವರ ಅಂಗಳವೂ ಅಲ್ಲ.

ಹಾಗಾದರೆ ಜನರೇ ಹಣ ಕೂಡಿಸಿ, ಜನರೇ ಜಾಗ ಆರಿಸಿ, ಜನರೇ ಕಲಾವಿದನನ್ನು ಕರೆಸುವ ಪದ್ಧತಿ ಎಲ್ಲಾದರೂ ಇದೆಯೇ? ಪುಣೆಯಲ್ಲೇ ಇದೆ, 130 ವರ್ಷಗಳಿಂದ ಇದೆ. ನಾನು ದೇವರನ್ನು ನಂಬುವವನಲ್ಲ. ಆದರೂ ಭಾದ್ರಪದದಲ್ಲಿ ಇಲ್ಲಿಯ ಪೇಟೆಗಳಲ್ಲಿ ನಡೆದರೆ ಒಂದು ಸತ್ಯವನ್ನು ಒಪ್ಪದೆ ವಿಧಿಯಿಲ್ಲ: ಸಾರ್ವಜನಿಕ ಗಣೇಶೋತ್ಸವದಷ್ಟು ದೊಡ್ಡ ಬಯಲು ಶಿಲ್ಪದ ಏರ್ಪಾಡು ಭಾರತದಲ್ಲಿ ಕಡಿಮೆ. 1892ರಲ್ಲಿ ಭಾವೂಸಾಹೇಬ್ ರಂಗಾರಿಯವರು ಕೂರಿಸಿದ ಗಣಪತಿ ರಾಕ್ಷಸನೊಡನೆ ಸೆಣಸುವ ಭಂಗಿಯದು. ಆರತಿಗಾಗಿ ಕೂತ ಗಣಪತಿಯಲ್ಲ, ಕಾದಾಡುವ ಗಣಪತಿ. ಕಲಾವಿದನಿಗೆ ಅಷ್ಟು ಸ್ವಾತಂತ್ರ್ಯ ಆಗಲೇ ಸಿಕ್ಕಿತ್ತು. ಗಣೇಶ ಮಂಡಳದ ಹುಡುಗರು ಮನೆಮನೆಗೆ ಹೋಗಿ ವರ್ಗಣಿ ಎಂಬ ಚಂದಾ ಎತ್ತುತ್ತಾರೆ, ರಸೀದಿ ಕೊಡುತ್ತಾರೆ. ಗಣಪತಿಯ ಸುತ್ತ ದೇಖಾವೆ ಎಂಬ ದೃಶ್ಯಗಳನ್ನು ಕಟ್ಟುತ್ತಾರೆ: ಪುರಾಣ, ಇತಿಹಾಸ, ಕೆಲವೊಮ್ಮೆ ಬರಗಾಲ, ವರದಕ್ಷಿಣೆ, ಹೊಳೆಯ ಹೊಲಸು. ಹತ್ತು ದಿನ ಕಳೆದ ಮೇಲೆ ಬೀದಿ ಮತ್ತೆ ಬೀದಿಯಾಗುತ್ತದೆ. ಮುಂದಿನ ವರ್ಷ ಹೊಸ ವಿಷಯ, ಹೊಸ ಕೈ.

ಇದರಲ್ಲಿರುವ ಕೆಡುಕುಗಳನ್ನು ನಾನು ಮುಚ್ಚಿಡಲಾರೆ. ವರ್ಗಣಿ ಎಷ್ಟೋ ಕಡೆ ಅಂಗಡಿಯವರ ಮೇಲೆ ಹೇರಿದ ಕಪ್ಪವಾಗಿದೆ. ಧ್ವನಿವರ್ಧಕ ಕಾಯಿಲೆಯವರ ನಿದ್ದೆ ಕೆಡಿಸುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಮುಠಾ ನದಿಯ ಉಸಿರು ಕಟ್ಟುತ್ತದೆ. ರಸ್ತೆ ಅಗೆದು ಮಂಟಪ ಹಾಕುವ ಹಟವೂ ಇದೆ. ದೇವರ ಹೆಸರಿನಲ್ಲಿ ನಡೆಯುವುದೆಂದು ಇದನ್ನೆಲ್ಲ ಸಹಿಸಬೇಕಿಲ್ಲ. ಆದರೆ ಈ ಪದ್ಧತಿಯ ಒಳಗಿನ ಮೂರು ಗುಣ ನನ್ನಂಥ ನಾಸ್ತಿಕನಿಗೂ ಬೇಕು. ಹಣ ಕೊಟ್ಟವನಿಗೆ ಗಲ್ಲಿಯ ಕಟ್ಟೆಯ ಮೇಲೇ ಲೆಕ್ಕ ಕೇಳುವ ಹಕ್ಕಿದೆ. ಇಷ್ಟವಾಗದಿದ್ದರೆ ಮುಂದಿನ ವರ್ಷ ಬದಲಾಗುತ್ತದೆ. ಕೆಲಸ ಮಾಡಿದವನ ಹೆಸರು ಗಲ್ಲಿಗೆಲ್ಲ ಗೊತ್ತಿರುತ್ತದೆ. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ 1841ರಿಂದ ಖಾಲಿ ಉಳಿದ ನಾಲ್ಕನೆಯ ಪೀಠಕ್ಕೆ 1999ರಿಂದ ಒಂದಾದ ಮೇಲೊಂದು ಹೊಸ ಶಿಲ್ಪ ಬರುವಂತೆ ಮಾಡಿದ್ದಾರೆ. 2005ರಲ್ಲಿ ಅಲ್ಲಿ ಕೈಗಳಿಲ್ಲದೆ ಹುಟ್ಟಿದ ಕಲಾವಿದೆ ಆಲಿಸನ್ ಲ್ಯಾಪರ್ ಬಸುರಿಯಾಗಿ ಬಿಳಿ ಅಮೃತಶಿಲೆಯಲ್ಲಿ ಕೂತರು, ಸೇನಾನಿಗಳ ಸಾಲಿನಲ್ಲಿ. ಪುಣೆಗೆ ಇದು ಹೊಸದೇನಲ್ಲ. ಬದಲಾಗುವ ಬಯಲು ಶಿಲ್ಪಕ್ಕೆ ಇಲ್ಲಿಯ ಕಣ್ಣು ಮೊದಲೇ ಪಳಗಿದೆ. ಅಭಿನವ ಕಲಾ ಮಹಾವಿದ್ಯಾಲಯದಂಥ ಶಾಲೆಗಳಿವೆ. ದೇಖಾವೆ ಕಟ್ಟುವ ಕುಶಲಿಗಳಿಗೆ ವರ್ಷದ ಉಳಿದ ತಿಂಗಳಲ್ಲೂ ಕೆಲಸ ಬೇಕು.

ಪಾಲಿಕೆಯ ಬಳಿಯೂ ಒಂದು ದಾರಿ ಸಿದ್ಧವಿದೆ. 2006ರಿಂದ ಪುಣೆಯಲ್ಲಿ ನಾಗರಿಕರು ಬಜೆಟ್ಟಿಗೆ ನೇರವಾಗಿ ಕೆಲಸ ಸೂಚಿಸುವ ಪದ್ಧತಿ ಇದೆ. ಫಾರಂ ತುಂಬಿ ಕೊಡುತ್ತಾರೆ: ಈ ಫುಟ್‌ಪಾತ್ ಸರಿಮಾಡಿ, ಇಲ್ಲಿ ದೀಪ ಹಾಕಿ, ಅಲ್ಲಿ ಬೆಂಚು ಕೊಡಿ. ಅದೇ ಫಾರಂನಲ್ಲಿ ಕಲೆಗೂ ಒಂದು ಸಾಲು ಇರಲಿ. ಸೂಚನೆ ಬಂದರೆ ಆ ವಾರ್ಡಿನಲ್ಲಿ ಮೊದಲೊಂದು ಸಭೆ. ಜಾಗದಲ್ಲೇ ನಿಂತು, ಅಲ್ಲಿ ಕೈಗಾಡಿ ನಿಲ್ಲಿಸುವವರು, ಗಾಲಿಕುರ್ಚಿಯವರು, ಶಾಲೆಯ ಮಕ್ಕಳು ಎಲ್ಲರನ್ನೂ ಕೇಳಿ. ಬಟ್ಟೆಯಲ್ಲೋ ಪ್ಲೈವುಡ್ಡಿನಲ್ಲೋ ನಿಜವಾದ ಅಳತೆಯ ಮಾದರಿ ಮಾಡಿ ಒಂದು ತಿಂಗಳು ಅಲ್ಲೇ ನಿಲ್ಲಿಸಿ. ಅಡ್ಡವಾಗುತ್ತದೋ ಇಲ್ಲವೋ ತಿಳಿಯುತ್ತದೆ. ಶಿಲ್ಪಿಗಳಿಂದ ಮಣ್ಣಿನ ಮಾದರಿ ತರಿಸಿ, ಆಯ್ಕೆಯಾಗದವರಿಗೂ ಸಂಭಾವನೆ ಕೊಟ್ಟು, ಎಲ್ಲವನ್ನೂ ಜನರ ಮುಂದಿಡಿ. ಕಂಚಿನ ಬೆಲೆ, ಶಿಲ್ಪಿಯ ಸಂಬಳ, ಹಣ ಕೊಟ್ಟವರ ಹೆಸರು, ಮುಂದಿನ ಮೂವತ್ತು ವರ್ಷ ತೊಳೆದು ಕಾಪಾಡುವ ಖರ್ಚು, ಎಲ್ಲ ಒಂದೇ ಹಾಳೆಯಲ್ಲಿ. ಜಯಂತಿಯ ದಿನ ಏಣಿ ಹಾಕಿ ಹಾರ ಹಾಕುವವರು ವರ್ಷದ ಉಳಿದ ದಿನಗಳಿಗೂ ಒಬ್ಬ ಕೆಲಸಗಾರನ ಸಂಬಳ ತೆಗೆದಿಡಲಿ. ಅಮೆರಿಕದ ಫಿಲಡೆಲ್ಫಿಯ 1959ರಿಂದ ಕಟ್ಟಡಗಳ ವೆಚ್ಚದಲ್ಲಿ ಶೇಕಡ ಒಂದನ್ನು ಕಲೆಗೆಂದು ತೆಗೆಸುತ್ತದೆ. ಮೆಟ್ರೋ, ಮೇಲ್ಸೇತುವೆಗಳ ಮೇಲೆ ಇಷ್ಟು ಸುರಿಯುವ ಪುಣೆಗೂ ಅದು ಅಸಾಧ್ಯವೇನಲ್ಲ. ಆದರೆ ಆ ಒಂದು ಶೇಕಡ ಗುತ್ತಿಗೆದಾರನ ಕೈಗೆ ಹೋಗದೆ ವಾರ್ಡಿನ ಸಭೆಗೆ ಬರಬೇಕು. 2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಈ ಊರಿಗೆ ಆರಿಸಿ ಬಂದ ಸಭೆಯೇ ಇರಲಿಲ್ಲ, ಆಡಳಿತಾಧಿಕಾರಿ ಇದ್ದರು. ಆ ಕಾಲದಲ್ಲಿ ಕೇಳುವ ಅಭ್ಯಾಸ ಇನ್ನಷ್ಟು ಸವೆಯಿತು.

ಕೊನೆಗೆ ಎರಡು ಜಾಗಗಳ ಮಾತು ಹೇಳಬೇಕು. ಓಂಕಾರೇಶ್ವರ ದೇವಸ್ಥಾನದ ಬಳಿ ಮುಠಾ ನದಿಗೆ ಅಡ್ಡಲಾಗಿ ಒಂದು ಸೇತುವೆ ಇದೆ. ಹೆಸರು ಮಹರ್ಷಿ ವಿಠ್ಠಲ ರಾಮಜಿ ಶಿಂದೆ ಸೇತುವೆ. ಶಿಂದೆ ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ, 1873ರಲ್ಲಿ. ಅಸ್ಪೃಶ್ಯತೆಯ ವಿರುದ್ಧ 1906ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಬದುಕನ್ನೇ ಅದಕ್ಕೆ ಕೊಟ್ಟವರು. ಆ ಸೇತುವೆಯ ಮೇಲೆ 2013ರ ಆಗಸ್ಟ್ 20ರ ಬೆಳಗ್ಗೆ ವಿಚಾರವಾದಿ ಡಾ. ನರೇಂದ್ರ ದಾಭೋಳಕರರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, ಮತ್ತೆರಡು ವರ್ಷಕ್ಕೆ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ದಾಭೋಳಕರ್ ವರ್ಷಗಟ್ಟಲೆ ಹೋರಾಡಿದ ಮೂಢನಂಬಿಕೆ ವಿರೋಧಿ ಕಾನೂನು ಅವರು ಸತ್ತ ನಾಲ್ಕೇ ದಿನಕ್ಕೆ ಸುಗ್ರೀವಾಜ್ಞೆಯಾಗಿ ಹೊರಟಿತು, ಆ ವರ್ಷದ ಡಿಸೆಂಬರಿನಲ್ಲಿ ಕಾಯಿದೆಯಾಯಿತು. ಕರ್ನಾಟಕವೂ 2017ರಲ್ಲಿ ಅಂಥದೊಂದು ಕಾನೂನು ಮಾಡಿತು. ಅವರಿಗೆ ಅದಕ್ಕಿಂತ ದೊಡ್ಡ ಸ್ಮಾರಕ ನನಗೆ ಹೊಳೆಯುವುದಿಲ್ಲ. ಸೇತುವೆಯ ಬಳಿ ಪ್ರತಿಮೆ ಬೇಕೆಂದು ಯಾರಾದರೂ ಕೇಳಿದರೆ ನಾನು ವಿರೋಧಿಸುತ್ತೇನೆ. ಕಾರಣ ಒಂದೇ. ದಾಭೋಳಕರ್ ಜನರಿಗೆ ಹೇಳಿದ್ದು ಪ್ರಶ್ನೆ ಕೇಳಿ ಎಂದು. ಪ್ರತಿಮೆಯ ಕೊರಳಿಗೆ ಹಾರ ಬಿದ್ದ ಮೇಲೆ ಪ್ರಶ್ನೆ ಕೇಳುವವನು ಅಪರಾಧಿಯಾಗುತ್ತಾನೆ. ಗಡಕರಿಯವರ ವಿಷಯದಲ್ಲೂ ದಾದೋಜಿಯವರ ವಿಷಯದಲ್ಲೂ ಎರಡೂ ಕಡೆಯವರು ಹಾಗೆಯೇ ನಡೆದುಕೊಂಡರು. ದಾಭೋಳಕರರನ್ನು ಬಲ್ಲವರು ಪ್ರತಿ ಆಗಸ್ಟ್ 20ಕ್ಕೆ ಆ ಸೇತುವೆಗೆ ನಡೆದು ಬರುತ್ತಾರೆ. ಅದು ಸಾಕು. ನನ್ನ ಈ ಮಾತೂ ಸಭೆಯಲ್ಲಿ ಸೋಲಬಹುದು. ಸೋತರೆ ಒಪ್ಪಿಕೊಳ್ಳುತ್ತೇನೆ, ಯಾಕೆಂದರೆ ನನ್ನನ್ನು ಕೇಳಿ ಸೋಲಿಸಿದ್ದಾರೆ.

ಇನ್ನೊಂದು ಜಾಗ ಬುಧವಾರ ಪೇಟೆಯ ಭಿಡೇವಾಡಾ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳ ಶಾಲೆ ತೆರೆದ ಮನೆ. ಫುಲೆಯವರ ಹೆಸರಿನಲ್ಲಿ ಭಾಷಣ, ಹಾರ, ಘೋಷಣೆಗಳು ನಡೆಯುತ್ತಲೇ ಇದ್ದಾಗ ಈ ಮನೆ ಬಿರುಕುಬಿಟ್ಟು, ಮಾಲಿಕತ್ವದ ಮೊಕದ್ದಮೆಯಲ್ಲಿ ಸಿಕ್ಕಿ, ದಶಕಗಳ ಕಾಲ ಕುಸಿಯುತ್ತ ಇತ್ತು. ನ್ಯಾಯಾಲಯದ ತೀರ್ಪಿನ ನಂತರ 2023ರ ಡಿಸೆಂಬರಿನಲ್ಲಿ ಅದನ್ನು ಕೆಡವಿದರು; ಅಲ್ಲಿ ರಾಷ್ಟ್ರೀಯ ಸ್ಮಾರಕ ಆಗಬೇಕಿದೆ. ಎಷ್ಟು ಅಡಿಯ ಪ್ರತಿಮೆ, ಯಾವ ಲೋಹ ಎಂಬ ಚರ್ಚೆ ತಾನಾಗಿಯೇ ನಡೆಯುತ್ತದೆ. ನಾನು ಕೇಳುವುದು ಬೇರೆ. ಅದೇ ಬುಧವಾರ ಪೇಟೆಯ ಗಲ್ಲಿಗಳಲ್ಲಿ ಮೈಮಾರಿ ಬದುಕುವ ಹೆಂಗಸರಿದ್ದಾರೆ, ಅವರ ಹೆಣ್ಣುಮಕ್ಕಳಿದ್ದಾರೆ. ಅವರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ. ಸಂಜೆಯಾದರೆ ಆ ಹುಡುಗಿಯರಿಗೆ ಕೂತು ಓದಲು ಜಾಗವಿಲ್ಲ. ಅವಮಾನಕ್ಕೊಳಗಾದ ವಿಧವೆಯರ ಕೂಸುಗಳನ್ನು ಉಳಿಸಲು 1863ರಲ್ಲಿ ಮನೆ ತೆರೆದ ದಂಪತಿಯ ಸ್ಮಾರಕ ಅದು. ಅದರೊಳಗೆ ಏನಿರಬೇಕು, ಎಷ್ಟು ಹೊತ್ತಿನವರೆಗೆ ಬಾಗಿಲು ತೆರೆದಿರಬೇಕು, ಮೊದಲ ಕೋಣೆ ಯಾವುದಕ್ಕೆ ಎಂಬುದನ್ನು ತೀರ್ಮಾನಿಸುವ ಸಭೆಗೆ ಆ ತಾಯಂದಿರನ್ನೂ ಆ ಹುಡುಗಿಯರನ್ನೂ ಪಾಲಿಕೆ ಹೆಸರು ಹಿಡಿದು ಕರೆಯಬೇಕು, ಮುಂದಿನ ಸಾಲಿನಲ್ಲಿ ಕೂರಿಸಬೇಕು, ಅವರ ಮಾತನ್ನು ನಡಾವಳಿಯಲ್ಲಿ ಬರೆದುಕೊಳ್ಳಬೇಕು.